ಗುಲ್ಮಾರ್ಗ್‌ನಲ್ಲಿ ಕಟ್ಟೆಯ ಲೆಕ್ಕ

ಶಿವರಾತ್ರಿ ಬಂತೆಂದರೆ ಚಳಿ ಶಿವಶಿವ ಎಂದು ಓಡುತ್ತದೆ ಎನ್ನುವುದು ನಮ್ಮ ಕಡೆಯ ಮಾತು. 2025ರ ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತರೂ ಬೆನ್ನು ಒದ್ದೆಯಾಗುತ್ತಿದ್ದ ಆ ದಿನಗಳಲ್ಲಿ ನಾನು ಸ್ವೆಟರ್ ಹುಡುಕಿಕೊಂಡು ಬೀದಿ ಅಲೆದೆ. ಚಳಿಗಾಲದಲ್ಲಿ ರಸ್ತೆ ಬದಿ ಉಣ್ಣೆ ಬಟ್ಟೆ ಹರವಿಕೊಂಡು ಕೂರುವ ಟಿಬೆಟನ್ನರು ಎಂದೋ ಗಂಟು ಕಟ್ಟಿ ಹೋಗಿದ್ದರು. ದೇವರಾಜ ಅರಸು ರಸ್ತೆಯ ಅಂಗಡಿಯವನೊಬ್ಬ ಅಟ್ಟದಿಂದ ಒಂದು ಮಂಕಿ ಕ್ಯಾಪ್ ಇಳಿಸಿ, ಧೂಳು ಕೊಡವಿ, ನನ್ನ ಮುಖವನ್ನೇ ನೋಡಿದ. ಜ್ವರವೇನಾದರೂ ಬಂದಿದೆಯೇ ಎಂಬ ಅನುಮಾನ ಅವನ ಕಣ್ಣಿನಲ್ಲಿತ್ತು.

ನಾವು ಹೋಗಬೇಕಾಗಿದ್ದದ್ದು ಫೆಬ್ರವರಿಯಲ್ಲಿ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಫೆಬ್ರವರಿ 22ರಿಂದ ಎಂದು ಗೊತ್ತಾಗಿತ್ತು. ಮಗಳಿಗೆ ಅದನ್ನು ನೋಡುವ ಆಸೆ. ಅಷ್ಟರಲ್ಲಿ ಹಿಮವೇ ಸಾಲದೆಂದು ಕೂಟವನ್ನು ಮುಂದೂಡಿದರು. ನಾವೂ ದಂಡ ತೆತ್ತು ವಿಮಾನದ ಟಿಕೆಟ್ ಮುಂದೂಡಿದೆವು. ಶಿವರಾತ್ರಿ ಕಾಲಿಟ್ಟಿದ್ದೇ ತಡ, ಅಲ್ಲಿ ಹಿಮ ಸುರಿಯತೊಡಗಿತು. ಕೂಟ ಮಾರ್ಚ್ 9ರಿಂದ 12ರವರೆಗೆ ನಡೆದು ಮುಗಿದೂ ಹೋಯಿತು. ನಾವು ತಲುಪಿದ್ದು ಅದಾದ ಮೇಲೆ. ಜಾತ್ರೆ ಮುಗಿದ ಮರುದಿನ ತೇರು ನೋಡಲು ಹೋದವರ ಹಾಗೆ.

ಜೊತೆಗೆ ಭಾವ ಇದ್ದರು. ಪಾಂಡವಪುರದ ಹತ್ತಿರ ವಿ.ಸಿ. ನಾಲೆಯ ಕೆಳಗೆ ಅವರದು ಮೂರು ಎಕರೆ ಗದ್ದೆ, ಕಬ್ಬು ಮತ್ತು ಭತ್ತ. ಅಕ್ಕನಿಗೆ ಮಂಡಿನೋವು, ಬರಲಾಗಲಿಲ್ಲ. ಭಾವ ಬೆಳಿಗ್ಗೆ ಎದ್ದು ಪತ್ರಿಕೆಯಲ್ಲಿ ಮೊದಲು ನೋಡುವುದು ಕೆ.ಆರ್.ಎಸ್. ಕಟ್ಟೆಯ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಿಕ್ಕ ಸುದ್ದಿಯೆಲ್ಲ ಆಮೇಲೆ. ಶ್ರೀನಗರದಲ್ಲಿ ವಿಮಾನ ಇಳಿದು ಮೊಬೈಲ್ ತೆರೆದಾಗಲೂ ಅವರು ನೋಡಿದ್ದು ಅದನ್ನೇ.

ಮಂಜು ಎಂಬ ಮಾತಿನ ಬಗ್ಗೆ ಇಲ್ಲಿ ಒಂದು ತಕರಾರು ಹೇಳಿಬಿಡುತ್ತೇನೆ. ಧನುರ್ಮಾಸದ ಬೆಳಗಿನಲ್ಲಿ ನಾಲೆಯ ಮೇಲೆ ಕವಿಯುವುದೂ ಮಂಜು, ಹುಲ್ಲಿನ ತುದಿಯಲ್ಲಿ ತೂಗುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಗುಂಡ್ಲುಪೇಟೆಯ ಆಚೆ 1,454 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟಕ್ಕೆ ‘ಹಿಮವದ್’ ಎಂದು ಹೆಸರಿಟ್ಟುಕೊಂಡು ಮೋಡದಲ್ಲಿ ಮೈ ಒದ್ದೆ ಮಾಡಿಕೊಂಡು ಬರುವವರು ನಾವು. ಕಾಶ್ಮೀರಿಗಳಿಗೆ ಆ ಗೊಂದಲವಿಲ್ಲ. ಬಿದ್ದದ್ದು ಹಿಮವಾದರೆ ಅದು ‘ಶೀನ್’.

ಶ್ರೀನಗರದಿಂದ ತಂಗ್‌ಮಾರ್ಗ್‌ವರೆಗೆ ಜಿಟಿಜಿಟಿ ಮಳೆ. ಅಲ್ಲಿ ಬಾಡಿಗೆಗೆ ಗಂಬೂಟು, ಮೊಣಕಾಲು ಮುಟ್ಟುವ ಕೋಟು ಹಾಕಿಕೊಂಡು, ಚಕ್ರಕ್ಕೆ ಸರಪಳಿ ಬಿಗಿದ ಬೇರೆ ಗಾಡಿ ಹತ್ತಿದೆವು. ಗುಲ್ಮಾರ್ಗ್ ಅಲ್ಲಿಂದ 13 ಕಿಲೋಮೀಟರ್, ಬರೀ ಏರು, ಬರೀ ತಿರುವು, ಎರಡೂ ಕಡೆ ದೇವದಾರು ಜಾತಿಯ ಎತ್ತರದ ಮರಗಳು. ನಾನು ಮುಂದಿನ ಸೀಟಿನಲ್ಲಿದ್ದೆ. ಗಾಜಿನ ಮೇಲೆ ಟಪಟಪ ಬೀಳುತ್ತಿದ್ದ ಹನಿ ಒಂದು ತಿರುವಿನಲ್ಲಿ ಸದ್ದು ನಿಲ್ಲಿಸಿತು. ಮಳೆ ನಿಂತಿತೆಂದುಕೊಂಡೆ. ನೋಡಿದರೆ ಹನಿ ಇನ್ನೂ ಬೀಳುತ್ತಿದೆ, ಆದರೆ ನಿಧಾನವಾಗಿ, ಗಾಜಿಗೆ ಅಂಟಿಕೊಂಡು, ಅಂಚು ಬೆಳ್ಳಗೆ, ನಡುವೆ ಮಾತ್ರ ನೀರು. ಮುಂದಿನ ತಿರುವಿನಲ್ಲಿ ಆ ನೀರೂ ಇಲ್ಲ. ಬೂರುಗದ ಹತ್ತಿ ಒಡೆದು ಹಾರಿದ ಹಾಗೆ ಗಾಳಿಯ ತುಂಬ ಬಿಳಿ. ಇನ್ನೂ ಮೇಲಕ್ಕೆ ಹೋದಾಗ ರಸ್ತೆಯ ಕಪ್ಪೇ ಕಾಣಲಿಲ್ಲ. ಮಳೆ ಎಲ್ಲಿ ಹಿಮವಾಗುತ್ತದೆಂಬುದನ್ನು ಎರಡು ತಿರುವಿನ ಅಂತರದಲ್ಲಿ ಕಂಡೆ. ಸೊನ್ನೆ ಡಿಗ್ರಿಯ ಗೆರೆ ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ.

ಆ ರಾತ್ರಿ ಕರೆಂಟ್ ಹೋಗಿತ್ತು. ಹೋಟೆಲಿನ ಹುಡುಗ ಬೆತ್ತದ ಬುಟ್ಟಿಯೊಳಗೆ ಕೆಂಡದ ಮಡಕೆ ಇಟ್ಟು ತಂದ, ಕಾಂಗ್ಡಿ. ಸ್ಥಳೀಯರು ಅದನ್ನು ಫೆರನ್ ಎಂಬ ನಿಲುವಂಗಿಯ ಒಳಗೇ ಹಿಡಿದು ಓಡಾಡುತ್ತಾರೆ. ಭಾವ ಅದನ್ನು ಮಡಿಲಿಗೆ ಎಳೆದುಕೊಂಡವರು ಮೂರು ದಿನ ಯಾರಿಗೂ ಕೊಡಲಿಲ್ಲ. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ನನಗೆ ಒಗ್ಗಲಿಲ್ಲ. ಭಾವ ಎರಡು ಲೋಟ ಕುಡಿದು, ‘ಅಂಬಲಿ ಅಂದುಕೊಂಡು ಕುಡಿ, ಇಳಿಯುತ್ತದೆ’ ಎಂದರು.

ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕಲಿಸಲು ಗೊತ್ತಾದವರು ಹತ್ತಿರದ ಹಳ್ಳಿಯ ನಡುವಯಸ್ಕರು, ಕೆಳಗೆ ಒಂದಿಷ್ಟು ಸೇಬಿನ ತೋಟವೂ ಇದ್ದವರು. ನಾವು ಕರ್ನಾಟಕದವರೆಂದ ಕೂಡಲೇ ‘ಭವಾನಿ!’ ಎಂದರು. 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್ ಚಿನ್ನ ಗೆದ್ದ ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಒಂದು ಚೂರು ಹಿಮ ಬೀಳದ ಜಿಲ್ಲೆಯವರು ಇಲ್ಲಿ ಇಷ್ಟು ಪರಿಚಿತರೆಂದು ತಿಳಿದು ನಾನು ಹಿಗ್ಗಿದೆ. ಭಾವನಿಗೆ ಆಶ್ಚರ್ಯವೇ ಆಗಲಿಲ್ಲ. ‘ಕಾವೇರಿ ಹುಟ್ಟುವ ಊರಿನವರಲ್ಲವೇ, ಇಳಿಜಾರು ಗೊತ್ತಿರುತ್ತದೆ.’

ಬೆಳಿಗ್ಗೆ ಎಂಟಕ್ಕೇ ಬರಬೇಕೆಂದು ಅವರ ಕಟ್ಟಪ್ಪಣೆ. ಮಾರ್ಚ್‌ನ ಹಿಮದ ಗುಣ ಗಂಟೆಗೊಂದು ಎಂಬುದು ಅರ್ಥವಾದದ್ದು ಆಮೇಲೆ. ಮೊದಲ ದಿನ ಬಿದ್ದ ಹೊಸ ಹಿಮ ಕೈಯಲ್ಲಿ ಹಿಡಿದರೆ ಆಗತಾನೇ ಬೀಸಿದ ರಾಗಿ ಹಿಟ್ಟಿನಷ್ಟು ನಯ. ಮೋಡ ಸರಿದು ಬಿಸಿಲು ಬಂದ ಮೇಲೆ ಮೇಲ್ಪದರ ಹಗಲು ಕರಗಿತು, ರಾತ್ರಿ ಹೆಪ್ಪುಗಟ್ಟಿತು. ಮರುದಿನ ಬೆಳಿಗ್ಗೆ ಅದು ಕಲ್ಲುಚಪ್ಪಡಿ. ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗಿ ಅಕ್ಕಿನುಚ್ಚಿನಂತೆ ಕಾಳುಕಾಳಾಯಿತು. ಕಲಿಯುವವರಿಗೆ ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನ ದಾಟಿತೋ, ಅಂಬಲಿ. ಹಲಗೆ ಹೂತುಕೊಂಡು ಮುಗ್ಗರಿಸುವುದೇ ಕೆಲಸ. ಮುಂದಿನ ತುದಿ ಕೂಡಿಸಿ, ಹಿಂದೆ ಅಗಲಿಸಿ ಹಲಗೆ ನಿಲ್ಲಿಸಿದರೆ ವೇಗ ತಗ್ಗುತ್ತದೆ. ಇಂಗ್ಲಿಷಿನವರೂ ಆ ಭಂಗಿಗೆ ನೇಗಿಲಿನ ಹೆಸರನ್ನೇ ಇಟ್ಟಿದ್ದಾರೆ. ಮಗಳು ಅರ್ಧ ಗಂಟೆಯಲ್ಲಿ ಕಲಿತಳು. ನಾನು ಎಷ್ಟು ಸಲ ಬಿದ್ದೆನೆಂಬ ಲೆಕ್ಕ ಅವಳ ಮೊಬೈಲಿನಲ್ಲಿದೆ.

ಭಾವ ಹಲಗೆ ಕಟ್ಟಿಕೊಳ್ಳಲಿಲ್ಲ. ತಮ್ಮ ಹರಕುಮುರುಕು ಹಿಂದಿಯಲ್ಲಿ ಗುರುಗಳ ಹತ್ತಿರ ಕಾಂಗ್ಡಿ ಹಿಡಿದು ಮಾತಿಗೆ ನಿಂತರು. ನಾವು ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಯನ್ನು ನಕ್ಷತ್ರದಲ್ಲಿ ಎಣಿಸಿದಂತೆ ಅವರು ಚಳಿಯನ್ನು ಎಣಿಸುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ, ಚಳಿಯ ಮರಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮಾರುತಗಳೇ ಇಲ್ಲಿಗೆ ಹಿಮ ತರುತ್ತವೆ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಒಣಗಿ, ಗಟ್ಟಿಯಾಗಿ, ಪದರದ ಮೇಲೆ ಪದರವಾಗಿ ಬೇಸಿಗೆಯವರೆಗೆ ಉಳಿಯುತ್ತದೆ. ಹಳ್ಳಗಳಿಗೆ, ಗದ್ದೆಗೆ, ಝೇಲಂ ನದಿಗೆ ಅದೇ ನೀರು. ಬಿಸಿಲು ಬಲಿತ ಮೇಲೆ ಬಿದ್ದದ್ದು ವಾರದಲ್ಲಿ ಹರಿದು ಖಾಲಿ.

‘ಅಂದರೆ ಕಟ್ಟೆ ಇವರಿಗೆ ಬೆಟ್ಟದ ಮೇಲಿದೆ’ ಎಂದರು ಭಾವ ನನ್ನ ಕಡೆ ತಿರುಗಿ. ‘ಈ ಮಾರ್ಚ್‌ನ ಹಿಮ ಕಟ್ಟೆಗೆ ನಿಲ್ಲದೆ ನೇರ ನಾಲೆಗೆ ಹೋದ ನೀರು. ನೋಡಲು ಚೆಂದ, ಬೆಳೆಗೆ ಬಾರದು.’

ಆ ಫೆಬ್ರವರಿಯಲ್ಲಿ ಅನಂತನಾಗ್ ಜಿಲ್ಲೆಯ ಅಚ್ಛಬಲ್‌ನಲ್ಲಿ, ಮೊಗಲರ ಕಾಲದ ಉದ್ಯಾನಕ್ಕೆ ನೀರುಣಿಸುವ ಬುಗ್ಗೆ ಬತ್ತಿತ್ತೆಂದು ಗುರುಗಳು ಹೇಳಿದಾಗ ಭಾವ ಮಾತು ನಿಲ್ಲಿಸಿದರು. 2023ರಲ್ಲಿ ಕಟ್ಟೆ ತುಂಬದೆ, ಮಂಡ್ಯದಲ್ಲಿ ಜನ ಹೆದ್ದಾರಿಯಲ್ಲಿ ಕೂತ ದಿನಗಳು ಅವರಿಗೆ ನೆನಪಾಗಿರಬೇಕು. ಅವರೂ ಅಲ್ಲಿ ಕೂತಿದ್ದವರೇ.

ಕೊನೆಯ ದಿನ ಗೊಂಡೋಲಾ ಎಂಬ ಕೇಬಲ್ ಕಾರು ಹತ್ತಿದೆವು. ಟ್ರಾವೆಲ್ಸ್‌ನವನು ಎರಡೂ ಹಂತದ ಟಿಕೆಟ್ ಮಾಡಿಸಿದ್ದೇನೆ ಎಂದಿದ್ದ. ಕೈಗೆ ಬಂದದ್ದು ಕೊಂಗ್ದೂರಿಯವರೆಗಿನ ಮೊದಲ ಹಂತದ್ದು ಮಾತ್ರ. ಜಗಳವಾಡಲು ಫೋನ್ ತೆಗೆದೆ, ಅಷ್ಟರಲ್ಲಿ ಗಾಳಿ ಎದ್ದು ಎರಡನೆಯ ಹಂತವನ್ನೇ ನಿಲ್ಲಿಸಿದರು. ಜಗಳ ವ್ಯರ್ಥವಾಯಿತು. ಆ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ಗುಲ್ಮಾರ್ಗ್ ಇರುವುದು ಸುಮಾರು 2,650ರಲ್ಲಿ. ನಮ್ಮ ಚಾಮುಂಡಿ ಬೆಟ್ಟ ಸಾವಿರ ಮೀಟರ್ ಚಿಲ್ಲರೆ.

ಈ ಅಂಕಿಗಳ ನಡುವೆಯೇ ಸ್ಕೀಯಿಂಗ್‌ನ ಮುಂದಿನ ಕಥೆ ಸಿಕ್ಕಿಕೊಂಡಿದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ತಿರುಗಿಸಿ ಲೆಕ್ಕ ಹಾಕಿದರೆ, ಲೋಕ ಒಂದು ಡಿಗ್ರಿ ಬಿಸಿಯಾದಾಗ ನಾನು ರಸ್ತೆಯಲ್ಲಿ ಕಂಡ ಆ ತಿರುವು ನೂರೈವತ್ತು ಮೀಟರ್ ಮೇಲಕ್ಕೆ ಸರಿಯಬೇಕು. ಅಫರ್ವತ್‌ಗೆ ಸದ್ಯಕ್ಕೆ ಚಿಂತೆಯಿಲ್ಲ. ಆದರೆ ಅಲ್ಲಿ ಜಾರುವವರು ಪಳಗಿದವರು, ಹಿಮಕುಸಿತಕ್ಕೂ ಎದೆಗೊಡುವವರು. ನನ್ನಂಥವರು ಬಿದ್ದೇಳುವ, ಸ್ಲೆಡ್ಜ್ ಎಳೆಯುವವರ, ಕುದುರೆಯವರ ಹೊಟ್ಟೆ ತುಂಬುವ ಕೆಳಗಿನ ಬಯಲಿದೆಯಲ್ಲ, ಮೊದಲು ಬರಿದಾಗುವುದು ಅದು.

ಯಂತ್ರದಲ್ಲಿ ಹಿಮ ಮಾಡಬಹುದಲ್ಲ ಎಂದು ಮಗಳು ಕೇಳಿದಳು. ಮಾಡಬಹುದು. 2022ರ ಬೀಜಿಂಗ್ ಒಲಿಂಪಿಕ್ಸ್ ನಡೆದದ್ದು ಹೆಚ್ಚುಕಡಿಮೆ ಪೂರ್ತಿ ಯಂತ್ರದ ಹಿಮದ ಮೇಲೆ. ಗುಲ್ಮಾರ್ಗ್ ಸೀಮೆಯ ಆರಿಫ್ ಖಾನ್ ಭಾರತದ ಏಕೈಕ ಸ್ಪರ್ಧಿಯಾಗಿ ಜಾರಿದ್ದೂ ಅದರ ಮೇಲೆಯೇ. ಉತ್ತರಾಖಂಡದ ಔಲಿಯಲ್ಲೂ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕೆಂದು ಯಂತ್ರ ತಂದಿದ್ದರು. ಆದರೆ ಆ ಯಂತ್ರ ನೀರನ್ನು ತುಂತುರಾಗಿ ಉಗುಳುತ್ತದೆ, ಅಷ್ಟೆ. ಹೆಪ್ಪುಗಟ್ಟಿಸುವ ಕೆಲಸ ಗಾಳಿಯದು. ಗಾಳಿ ಸೊನ್ನೆಯ ಆಸುಪಾಸಿಗೆ ಇಳಿಯದಿದ್ದರೆ ಅದು ನಮ್ಮ ತೋಟದ ಸ್ಪ್ರಿಂಕ್ಲರ್. ಭಾವನಿಗೆ ಈ ಉಪಾಯವೇ ಹಿಡಿಸಲಿಲ್ಲ. ‘ನೀರಿಲ್ಲವೆಂದು ಅಳುವ ವರ್ಷ ನೀರು ಸುರಿದು ಆಟವಾಡುವುದೇ?’ ಎಂದರು. ಆಟವೇ ಅಲ್ಲಿನ ಅನ್ನವಲ್ಲವೇ ಎಂದು ನಾನು ವಾದಿಸಿದೆ. ಕೊಂಗ್ದೂರಿಯಲ್ಲಿ ಮ್ಯಾಗಿ ತಿನ್ನುತ್ತ ಆರಂಭವಾದ ಆ ವಾದ ಶ್ರೀನಗರದವರೆಗೆ ನಡೆಯಿತು, ಇತ್ಯರ್ಥವಾಗಲಿಲ್ಲ.

ಇಳಿಯುವಾಗ ತಂಗ್‌ಮಾರ್ಗ್ ರಸ್ತೆಯಲ್ಲಿ ನಮ್ಮ ತಿರುವನ್ನು ಹುಡುಕಿದೆ. ಬಿಳಿ ಆಗಲೇ ಮೇಲಕ್ಕೆ ಸರಿದಿತ್ತು. ಬಂದ ದಿನ ಮುಚ್ಚಿಹೋಗಿದ್ದ ಮೈಲಿಗಲ್ಲು ಒದ್ದೆ ಹುಲ್ಲಿನ ನಡುವೆ ನಿಂತಿತ್ತು. ಅಕ್ಕ ಫೋನ್ ಮಾಡಿ, ನಾಲೆಗೆ ನೀರು ಬಿಟ್ಟಿದ್ದಾರೆ, ಕಟ್ಟು (ನೀರು ಬಿಡುವ ಸರದಿ) ಮುಗಿಯುವುದರೊಳಗೆ ಬನ್ನಿ ಎಂದಳು.

ಎರಡು ದಿನದ ಮೇಲೆ ಭಾವನನ್ನು ಊರಿಗೆ ಬಿಡಲು ಹೋಗಿದ್ದೆ. ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ನಾಲ್ಕೈದು ಜನ ಪತ್ರಿಕೆ ಹಂಚಿಕೊಂಡು ಕೂತಿದ್ದರು. ಕಾಶ್ಮೀರ ಹೇಗಿತ್ತು, ಚಳಿ ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ಒಬ್ಬ ಹಿರಿಯರು ಕನ್ನಡಕ ಮೇಲೆತ್ತಿ, ‘ಎಷ್ಟು ಅಡಿ ಇತ್ತಪ್ಪಾ ಮಂಜು?’ ಎಂದರು.

‘ಹೊಸದು ಒಂದು ಗೇಣು’ ಎಂದರು ಭಾವ, ಬೆಂಚಿನ ಮೇಲೆ ಜಾಗ ಮಾಡಿಕೊಳ್ಳುತ್ತ. ‘ಒಳಹರಿವು ಮಾತ್ರ ತಡ.’