ಮಿಸ್ ಮಾರ್ವೆಲ್ ನಂ. 1: ಬೆನ್ನು ಕೊನೆಗೂ ನೆಟ್ಟಗಾಯ್ತು

ಗೆದ್ದೆ! ಮಿಸ್ ಮಾರ್ವೆಲ್ ಕಾಮಿಕ್ಸಿನ ಮೊದಲ ಸಂಚಿಕೆಯ ನನ್ನ ಹಳೇ ಪ್ರತಿಯನ್ನು ಪ್ರೆಸ್ಸಿನಿಂದ (ಶಾಖ, ಒತ್ತಡ ಕೊಟ್ಟು ಕಾಗದ ನೆಟ್ಟಗೆ ಮಾಡುವ ಯಂತ್ರ) ತೆಗೆದು ಇಷ್ಟು ದಿನವಾದರೂ ಬೆನ್ನು ಮತ್ತೆ ಸುತ್ತಿಕೊಂಡಿಲ್ಲ. ಇನ್ನು ಧೈರ್ಯವಾಗಿ ಬರೀಬಹುದು.

ಮುಖಪುಟದ ಕೊಳೆ ತೆಗೆದದ್ದು, ಮೂಲೆಯ ಮಡಿಕೆ ಬಿಡಿಸಿದ್ದು, ಇವೆಲ್ಲ ನಿಮಗೂ ಗೊತ್ತಿರೋ ಕೆಲಸ. ಪ್ರಾಣ ತಿಂದದ್ದು ಸ್ಪೈನ್ ರೋಲ್, ಅಂದರೆ ಪುಸ್ತಕದ ಬೆನ್ನು ಒಂದು ಪಕ್ಕಕ್ಕೆ ಸುತ್ತಿಕೊಳ್ಳುವುದು. ಓದುವಾಗ ಮುಂದಿನ ರಟ್ಟನ್ನು ಪೂರ್ತಿ ಹಿಂದಕ್ಕೆ ಮಡಚಿ ಹಿಡಿದ ಯಾರೋ ಪುಣ್ಯಾತ್ಮನ ಕೆಲಸ. ಹಾಳೆಗಳೆಲ್ಲ ಒಂದರ ಮೇಲೊಂದು ಜಾರಿ, ತೆರೆಯುವ ಅಂಚು ಮೆಟ್ಟಿಲಾಗಿತ್ತು. ಈ ಸಂಚಿಕೆಯ ಖಳನಾಯಕ ಸ್ಕಾರ್ಪಿಯನ್. ಅವನ ಬಾಲಕ್ಕೂ ಇಷ್ಟು ಡೊಂಕಿಲ್ಲ! ಮಾರಿದವರು ಹಾಕಿದ್ದ ಫೋಟೋಗಳೆಲ್ಲ ನೇರ ಮೇಲಿನಿಂದ ತೆಗೆದವು, ಪಕ್ಕದಿಂದ ಒಂದೂ ಇಲ್ಲ. ಹಳೇ ಕಾಮಿಕ್ಸ್ ಮಾರುವವರು ಬೆನ್ನಿನ ಫೋಟೋ ಹಾಕಲೇಬೇಕು, ಇದು ಕನಿಷ್ಠ ಮರ್ಯಾದೆ.

ಪ್ರತಿ ಬಿಸಾಕಿ ಇನ್ನೊಂದು ಹುಡುಕಬಹುದಿತ್ತಲ್ಲ ಅಂತ ಕೇಳಬೇಡಿ. 1977ರ ಜನವರಿ ಸಂಚಿಕೆ, ಬೆಲೆ 30 ಸೆಂಟ್, ಜಾನ್ ರೊಮಿಟಾ ಬಿಡಿಸಿದ ಮುಖಪುಟ, ಒಳಗೆ ಜಾನ್ ಬುಸೆಮಾ ಚಿತ್ರಗಳು, ಕಥೆ ಜೆರಿ ಕಾನ್ವೇ ಅವರದು. ಮಿಸ್ ಮಾರ್ವೆಲ್ ಆಗುವ ಕ್ಯಾರಲ್ ಡ್ಯಾನ್ವರ್ಸ್ 1968ರಲ್ಲೇ ಮಾರ್ವೆಲ್ ಸೂಪರ್-ಹೀರೋಸ್ 13ರಲ್ಲಿ ಬಂದಿದ್ದಳು, ನಿಜ. ಆದರೆ ಅಲ್ಲಿ ಅವಳು ಭದ್ರತಾ ಅಧಿಕಾರಿ. ಕೆಂಪು ಸ್ಕಾರ್ಫು ಹಾರಿಸಿಕೊಂಡು ಸೂಪರ್‌ಹೀರೋ ಆಗಿ ನಿಂತದ್ದು ಇಲ್ಲೇ. ಪತ್ರಿಕೆಯ ಪ್ರಕಾಶಕ ಜೆ. ಜೋನಾ ಜೇಮ್ಸನ್‌ನಂಥ ಸಿಡುಕನ ಎದುರು ಕೂತು ಸಂಬಳಕ್ಕೆ ಪಟ್ಟು ಹಿಡಿಯುವ ಪುಟ ನನಗೆ ಹೊಡೆದಾಟಕ್ಕಿಂತ ಇಷ್ಟ. ಇಂಥ ಪ್ರತಿಯನ್ನು ಡೊಂಕಾಗಿಯೇ ಬಿಡಲು ಮನಸ್ಸು ಬರಲಿಲ್ಲ.

ಮೊದಲು ಎಲ್ಲರೂ ಮಾಡುವ ಹಾಗೆ ತೇವದ ಡಬ್ಬಿಯಲ್ಲಿಟ್ಟು ಬಿಸಿ ಪ್ರೆಸ್ಸಿಗೆ ಹಾಕಿದೆ. ಸಂಜೆ ನೆಟ್ಟಗೆ, ಬೆಳಿಗ್ಗೆ ಡೊಂಕು. ಮತ್ತೆ ಮಾಡಿದರೂ ಅದೇ ಕಥೆ, ಜೊತೆಗೆ ಒಳಹಾಳೆಗಳಲ್ಲಿ ಅಲೆ ಬೇರೆ. ನ್ಯೂಸ್‌ಪ್ರಿಂಟ್ ತೇವವನ್ನು ಬೇಗ ಹೀರಿ ಹಿಗ್ಗುತ್ತದೆ, ಹೊಳಪಿನ ರಟ್ಟು ಹಿಂದೆ ಬೀಳುತ್ತದೆ. ಈ ನಡುವೆ ತರಿಸಿದ ಸಿಲಿಕೋನ್ ರಿಲೀಸ್ ಪೇಪರ್ (ಪ್ರೆಸ್ಸಿನಲ್ಲಿ ಅಂಟಿಕೊಳ್ಳದಂತೆ ಇಡುವ ಕಾಗದ) ಕೊಳವೆಯಲ್ಲಿ ಸುರುಳಿ ಸುತ್ತಿ ಬಂತು. ನೆಟ್ಟಗೆ ಮಾಡುವ ಸಾಮಾನನ್ನೇ ಮೊದಲು ನೆಟ್ಟಗೆ ಮಾಡುವ ಯೋಗ!

ದಾರಿ ಸಿಕ್ಕಿದ್ದು ಸುರುಳಿ ಎಲ್ಲಿ ಕೂತಿದೆ ಅಂತ ಕೈಯಲ್ಲಿ ತಡವಿ ನೋಡಿದಾಗ. ಹೊರಗಿನ ರಟ್ಟು ಸಡಿಲವಾಗಿತ್ತು. ಬಿಗಿ ಇದ್ದದ್ದು ನಡುಹಾಳೆಯ ಮಡಿಕೆಯಲ್ಲಿ. ಹಾಗಾದರೆ ಇಡೀ ಪುಸ್ತಕಕ್ಕೆ ತೇವ ಯಾಕೆ? ನಡುಹಾಳೆ ಬಿಚ್ಚಿ, ಮಡಿಕೆಯ ಮೇಲೆ ಗೋರ್‌ಟೆಕ್ಸ್ ಪಟ್ಟಿ, ಅದರ ಮೇಲೆ ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟೆ. ಆವಿ ಮಾತ್ರ ಇಳಿಯುತ್ತದೆ, ನೀರಲ್ಲ. ಎರಡು ಸ್ಟೇಪಲ್ ಇರುವ ಕಡೆ ಪಟ್ಟಿಯನ್ನು ಕತ್ತರಿಸಿ ಬಿಟ್ಟಿದ್ದೆ, ಇಲ್ಲದಿದ್ದರೆ ತುಕ್ಕು ಖಚಿತ. ಮಡಿಕೆ ಮೆತ್ತಗಾದ ಮೇಲೆ ಪುಸ್ತಕ ಮುಚ್ಚಿ, ಹಾಳೆಗಳನ್ನು ಬೆರಳಲ್ಲಿ ಒಂದೊಂದು ಕೂದಲೆಳೆಯಷ್ಟು ಹಿಂದಕ್ಕೆ ಜಾರಿಸಿ, ಅಂಚುಗಳು ಕೂಡಿದವು ಅನ್ನುವಾಗ ತೂಕ ಹೇರಿದೆ. ಆಗ ಬಿಸಿ ತಾಕಿಸಲೇ ಇಲ್ಲ. ಪೂರ್ತಿ ಒಣಗಿದ ಮೇಲಷ್ಟೇ ಹದವಾದ ಶಾಖದಲ್ಲಿ ಒಂದು ಸುತ್ತು ಪ್ರೆಸ್ಸು, ಅದರಲ್ಲೇ ಆರಲು ಬಿಟ್ಟದ್ದು.

ಮೆಟ್ಟಿಲು ಮಾಯ! ಮುಖಪುಟದ ಎಡಗಡೆ ಇಣುಕುತ್ತಿದ್ದ ಹಿಂಬದಿಯ ಜಾಹೀರಾತಿನ ಬಣ್ಣ ತನ್ನ ಜಾಗಕ್ಕೆ ವಾಪಸ್ ಹೋಗಿದೆ. ಕಾಮಿಕ್ಸಿನ ಸ್ಥಿತಿಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಸಿಜಿಸಿ ಕಂಪನಿಯವರು ಪ್ರೆಸ್ಸಿಂಗನ್ನು ರೆಸ್ಟೊರೇಷನ್ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಗ್ರೇಡಿಂಗಿಗೆ ಕಳಿಸಬಹುದು. ಕಳಿಸಲ್ಲ. ಜೇಮ್ಸನ್ ಪುಟ ಬೇಕೆಂದಾಗ ತೆರೆದು ಓದಬೇಕು ನನಗೆ.

ಮುಂದಿನದು ಈಗಾಗಲೇ ಮೇಜಿನ ಮೇಲಿದೆ: ಜೈಂಟ್-ಸೈಜ್ ಎಕ್ಸ್-ಮೆನ್ 1, 1975, ಎಕ್ಸ್-ಮೆನ್ ತಂಡದ ಸ್ಟಾರ್ಮ್ ಮೊದಲು ಕಾಣಿಸಿಕೊಂಡದ್ದು. ಲೆನ್ ವೀನ್ ಕಥೆ, ಡೇವ್ ಕಾಕ್ರಮ್ ಚಿತ್ರ. ಅದರದ್ದು ಚೌಕ ಬೆನ್ನು, ರಟ್ಟು ಅಂಟಿನಲ್ಲಿ ಕೂತಿದೆ. ಬಿಚ್ಚಿಡಲು ನಡುಹಾಳೆಯ ಮಡಿಕೆ ಇಲ್ಲ, ಶಾಖ ಕೊಟ್ಟರೆ ಅಂಟು ಮೆತ್ತಗಾಗುತ್ತದೆ. ಚೌಕ ಬೆನ್ನನ್ನು ಬಿಸಿಯಿಲ್ಲದೆ ಸರಿಮಾಡಿದವರು ಯಾರಾದರೂ ಇದ್ದರೆ, ತೂಕ ಎಲ್ಲಿ ಹೇರಿದಿರಿ ಅನ್ನೋದನ್ನ ದಯವಿಟ್ಟು ತಿಳಿಸಿ.