ಗಲಾಟೆ ಮಾಡದ ಮಕ್ಕಳು
ತಂಗಿಯ ಮಗಳ ಎಡಿಎಚ್‌ಡಿ (ಗಮನ ನಿಲ್ಲದಿರುವ ಅಥವಾ ಅತಿ ಚಟುವಟಿಕೆಯ ಸಮಸ್ಯೆ) ತಪಾಸಣೆ ಇಂದು ಮುಗಿಯಿತು. ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನಿನಿಂದಲೋ ತಿಳಿಯುವಂಥದ್ದಲ್ಲ ಇದು. ಮನಶ್ಶಾಸ್ತ್ರಜ್ಞೆ ಅವಳೊಂದಿಗೆ ಸಾವಧಾನವಾಗಿ ಮಾತನಾಡಿದರು, ತಂದೆತಾಯಿಗೂ ಶಿಕ್ಷಕರಿಗೂ ಪ್ರಶ್ನಾವಳಿ ಕೊಟ್ಟರು, ನಿದ್ರೆ, ಆತಂಕ, ಕಲಿಕೆಯ ತೊಡಕು ಎಲ್ಲವನ್ನೂ ವಿಚಾರಿಸಿದರು. ಮನೋವೈದ್ಯರು ಇಂಥ ಸಮಸ್ಯೆಗಳನ್ನು ಗುರುತಿಸಲು ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆಯಂಥ ಎರಡು ಕಡೆಯಾದರೂ ಇರಬೇಕು.

ಇವಳು ಎಂದೂ ಗಲಾಟೆ ಮಾಡಿದವಳಲ್ಲ, ಕಿಟಕಿಯಾಚೆ ನೋಡುತ್ತಾ ಕೂರುವವಳು. ಇಂಥ ಹೆಣ್ಣುಮಕ್ಕಳು ಎಷ್ಟೋ ಬಾರಿ ಯಾರ ಗಮನಕ್ಕೂ ಬಾರದೆ ಕಾಲೇಜು ಮುಟ್ಟಿಬಿಡುತ್ತಾರೆ. ‘ಸೋಮಾರಿ’ ಎಂಬ ಬೈಗುಳ ಮಾತ್ರ ತಪ್ಪುವುದಿಲ್ಲ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವರದಿ ಮುಂದಿನ ವಾರ ಬರುತ್ತದೆ. ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚುವರಿ ಸಮಯ ಕೇಳಬೇಕಾದರೆ ಶಾಲೆಗೆ ನಾನೇ ಹೋಗುತ್ತೇನೆ.