ಅಜಂತೆಯ ಗೋಡೆಯ ಮುಂದೆ ನಮ್ಮ ವೆಂಕಟಪ್ಪ

ಮುಂಬಯಿಯ ಕಾಲಾಘೋಡಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಉಪನ್ಯಾಸವಿದ್ದಾಗಲೆಲ್ಲ ಮಾಟುಂಗದಿಂದ ಲೋಕಲ್ ಹಿಡಿದು ಹೋಗುವುದು ನನಗೆ ರೂಢಿ. ಈಚೆಗೆ ಅಲ್ಲಿ ಕೇಳಿದ ಉಪನ್ಯಾಸವೊಂದು ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿದವರ ಕುರಿತಾಗಿತ್ತು.

1819ರ ಏಪ್ರಿಲ್‌ನಲ್ಲಿ ಹುಲಿಬೇಟೆಗೆ ಬಂದ ಮದ್ರಾಸು ಸೇನೆಯ ಅಧಿಕಾರಿ ಜಾನ್ ಸ್ಮಿತ್ ಈ ಗುಹೆಗಳನ್ನು ಕಂಡು, ಹತ್ತನೆಯ ಗುಹೆಯಲ್ಲಿ ತನ್ನ ಹೆಸರನ್ನು ಗೀಚಿ ಹೋದ ಕಥೆ ಬಹಳ ಮಂದಿಗೆ ಗೊತ್ತಿದೆ. ನನಗಂತೂ ಆತನ ಬಳಿಕ ಬಂದವರ ಸಾಹಸವೇ ದೊಡ್ಡದಾಗಿ ಕಾಣುತ್ತದೆ. 1844ರಲ್ಲಿ ಈ ಕೆಲಸಕ್ಕೆ ನೇಮಕಗೊಂಡ ರಾಬರ್ಟ್ ಗಿಲ್ ವರ್ಷಗಟ್ಟಲೆ ದುಡಿದು ಬರೆದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. ನಮ್ಮೂರಿನ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್, ಪೆಸ್ತೊನ್‌ಜಿ ಬೊಮನ್‌ಜಿ ಮೊದಲಾದ ಶಿಷ್ಯರನ್ನು ಕಟ್ಟಿಕೊಂಡು 1872ರಿಂದ ಆ ಕೆಲಸವನ್ನು ಮತ್ತೆ ಆರಂಭಿಸಿದರು. ಆ ಪ್ರತಿಗಳಲ್ಲಿಯೂ ಅನೇಕವು 1885ರಲ್ಲಿ ಲಂಡನ್ನಿನ ಇನ್ನೊಂದು ಬೆಂಕಿಗೆ ಆಹುತಿಯಾದವು. ಬಣ್ಣ ಎದ್ದು ಕಾಣಲೆಂದು ಆಗ ಮೂಲಚಿತ್ರಗಳ ಮೇಲೆ ಬಳಿದ ವಾರ್ನಿಷ್ ಕಾಲಕ್ರಮೇಣ ಕಪ್ಪಾಗಿ ಚಿತ್ರಗಳಿಗೇ ಹಾನಿ ಮಾಡಿತೆಂಬುದನ್ನು ಕೇಳುವಾಗ ಮನಸ್ಸು ಭಾರವಾಯಿತು.

ಪ್ರತಿ ಮಾಡುವುದು ಕೀಳು ಕೆಲಸವೆಂಬ ಭಾವನೆ ನಮ್ಮಲ್ಲಿದೆ. ಆದರೆ ಬಾಗಿಲಿನಿಂದ ಒಳಸೇರುವ ಮಂದ ಬೆಳಕಿನಲ್ಲಿ, ಗಾರೆ ಉದುರಿದ ಗೋಡೆಯ ಮುಂದೆ ದಿನಗಟ್ಟಲೆ ನಿಂತು, ಅಳಿದುಹೋದ ರೇಖೆಯನ್ನು ಊಹೆಯಿಂದ ತುಂಬುವ ಆಸೆಯನ್ನು ಹತ್ತಿಕ್ಕಿ, ಉಳಿದಷ್ಟನ್ನೇ ನಿಷ್ಠೆಯಿಂದ ಬರೆಯುವುದಕ್ಕೆ ಬೇಕಾದ ಸಂಯಮ ಎಲ್ಲರಿಗೂ ಒಲಿಯುವಂಥದ್ದಲ್ಲ.

1909ರಿಂದ 1911ರ ನಡುವೆ ಇಂಗ್ಲಿಷ್ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರ ತಂಡ ಅಜಂತೆಯಲ್ಲಿ ಪ್ರತಿ ಮಾಡಿದಾಗ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ ಅವರ ಜೊತೆ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಉಪನ್ಯಾಸಕರು ಈ ಹೆಸರನ್ನು ಒಮ್ಮೆ ಉಚ್ಚರಿಸಿ ಮುಂದೆ ಸಾಗಿದಾಗ ನನಗೆ ಕುಳಿತಲ್ಲೇ ಚಡಪಡಿಕೆಯಾಯಿತು. ಅಬನೀಂದ್ರನಾಥ ಠಾಕೂರರ ಬಳಿ ಚಿತ್ರಕಲೆಯನ್ನೂ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತ ಆ ಕಲಾವಿದರ ಬಗ್ಗೆ, ಅವರ ಹೆಸರಿನ ಬೆಂಗಳೂರಿನ ಕಲಾಗ್ಯಾಲರಿಯ ಬಗ್ಗೆ, ಸಭೆ ಮುಗಿದ ಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯ ಮರಾಠಿ ಮಹಿಳೆಗೆ ಹೇಳಿದೆ. ಅವರು ಆಸಕ್ತಿಯಿಂದ ಕೇಳಿ, ಕರ್ನಾಟಕದ್ದೇನಾದರೂ ಈ ಕಟ್ಟಡದಲ್ಲಿದೆಯೇ ಎಂದು ವಿಚಾರಿಸಿದರು.

ಇದೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮನ ಶಿಲ್ಪಫಲಕ ಈಗ ಇಲ್ಲಿದೆ. ಹೀಗೊಂದು ಉಪನ್ಯಾಸವನ್ನು ಮುಂಬಯಿಯ ಕನ್ನಡ ಸಂಘಗಳು ಆ ಶಿಲ್ಪದ ಎದುರಿನಲ್ಲೇ ಕನ್ನಡದಲ್ಲಿ ಏರ್ಪಡಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಆ ಮಹಿಳೆಯನ್ನು ಅಲ್ಲಿಗೆ ಕರೆದೊಯ್ದು, ಗುಡಿಯೊಳಗೆ ಇದನ್ನು ತಲೆಯೆತ್ತಿ ನೋಡಬೇಕಿತ್ತು ಎಂದೆ. ಅವರು ಎರಡು ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಬಗ್ಗಿ, ಕತ್ತನ್ನು ಹಿಂದಕ್ಕೆ ಬಾಗಿಸಿ, ಕೆಳಗಿನಿಂದ ಮೇಲಕ್ಕೆ ಬಹಳ ಹೊತ್ತು ನೋಡಿದರು.